ಲಾನ್ ಚಾಪೆಯಂತೆ ಎದ್ದು ಬರುತ್ತಿದೆಯೇ? ಗೊಣ್ಣೆ ಹುಳುವಿಗೆ ಮಳೆ ನಕ್ಷತ್ರದ ಲೆಕ್ಕ

ಪ್ರಶ್ನೆ: ನಮ್ಮದು ಸಿಂಧನೂರು. ಮನೆ ಮುಂದೆ ಸುಮಾರು 600 ಚದರಡಿ ಲಾನ್ ಇದೆ. ಎರಡು ವರ್ಷದ ಹಿಂದೆ ಎರೆ ಮಣ್ಣಿನ ಮೇಲೆ ಮೂರು ಟ್ರ್ಯಾಕ್ಟರ್ ಮಸಾರಿ (ಕೆಂಪು ಮಣ್ಣು) ಹೊಡೆಸಿ, ತಿಪ್ಪೆ ಗೊಬ್ಬರ ಬೆರೆಸಿ ಕರಿಕೆ ಜಾತಿಯ ಹುಲ್ಲು ಹಾಕಿಸಿದ್ದೆವು. ಆಗಸ್ಟ್ ಕೊನೆಯಿಂದ ಅಲ್ಲಲ್ಲಿ ಹಳದಿಯಾಗಿ ಒಣಗುತ್ತಿದೆ. ನೀರು ಹೆಚ್ಚಿಗೆ ಬಿಟ್ಟರೂ ಹಸಿರಾಗುತ್ತಿಲ್ಲ. ಬೆಳಿಗ್ಗೆ ಬೆಳ್ಳಕ್ಕಿ, ಗೊರವಂಕ ಬಂದು ಕೆದರುತ್ತವೆ. ಕೈಯಿಂದ ಎತ್ತಿದರೆ ಹುಲ್ಲು ಚಾಪೆಯಂತೆ ಎದ್ದು ಬರುತ್ತದೆ, ಕೆಳಗೆ ಬಿಳಿ ಹುಳುಗಳು ಮುದುಡಿಕೊಂಡಿವೆ. ಅಂಗಡಿಯವರು ಹರಳು ಔಷಧ ಕೊಟ್ಟಿದ್ದಾರೆ. ಮನೆಯಲ್ಲಿ ಚಿಕ್ಕ ಮಗು ಮತ್ತು ನಾಯಿ ಇರುವುದರಿಂದ ಹಾಕಲು ಹೆದರಿಕೆ. ಈಗ ಏನು ಮಾಡಬೇಕು? ಮುಂದಿನ ವರ್ಷ ಬರದಂತೆ ತಡೆಯುವುದು ಹೇಗೆ?

ಉತ್ತರ: ಅಂಗಡಿಯವರು ಕೊಟ್ಟ ಹರಳು ಹಾಕಬೇಡಿ. ಪೊಟ್ಟಣದ ಮೇಲೆ ‘ಫೋರೇಟ್’ ಎಂದಿದ್ದರೆ, ಅದು ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದಲೇ ನಿಷೇಧವಾಗಿರುವ ವಿಷ. ‘ಕಾರ್ಬೊಫ್ಯುರಾನ್’ ಎಂದಿದ್ದರೂ ಮನೆಯಂಗಳಕ್ಕೆ ಬೇಡ. ಹಕ್ಕಿಗಳು ಆ ಹರಳನ್ನು ಕಾಳೆಂದು ಹೆಕ್ಕುತ್ತವೆ, ನಾಯಿ ಲಾನ್ ಮೇಲೆ ಓಡಾಡಿ ಬಂದು ಪಾದ ನೆಕ್ಕುತ್ತದೆ, ಮಗು ಹುಲ್ಲು ಮುಟ್ಟಿದ ಕೈಯನ್ನೇ ಬಾಯಿಗೆ ಇಡುತ್ತದೆ. ಲೇಬಲ್ಲೇ ಇಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟಿದ್ದರೆ ಯೋಚನೆಯೇ ಬೇಡ, ವಾಪಸ್ ಕೊಟ್ಟುಬಿಡಿ.

ನಿಮ್ಮ ಹೆದರಿಕೆ ಸರಿಯಾದದ್ದೇ. ಅದರ ಜೊತೆಗೆ ಇನ್ನೊಂದು ಕಾರಣವೂ ಇದೆ. ಸೆಪ್ಟೆಂಬರ್ ಹೊತ್ತಿಗೆ ಹುಳು ಬಲಿತಿರುತ್ತದೆ, ಔಷಧಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹುಲ್ಲು ಹಳದಿಯಾದ ಮೇಲೆ ಔಷಧ ಹುಡುಕುವುದೇ ಈ ಕೀಟದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು. ಇದಕ್ಕೆ ಕ್ಯಾಲೆಂಡರ್ ತಿಂಗಳು ನೋಡಿ ಪ್ರಯೋಜನವಿಲ್ಲ, ಮೊದಲ ಹದ ಮಳೆ ಬಿದ್ದ ದಿನದಿಂದ ವಾರ ಎಣಿಸಬೇಕು. ಅದನ್ನು ಮುಂದೆ ವಿವರಿಸುತ್ತೇವೆ.

ಹುಳು ಅದೇನಾ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ

ನೀವು ಹೇಳಿದ ಲಕ್ಷಣವೆಲ್ಲ ಗೊಣ್ಣೆ ಹುಳುವಿನದೇ. ಆದರೂ ತಿಪ್ಪೆ ಗೊಬ್ಬರ ಹಾಕಿದ ಲಾನ್ ಆದ್ದರಿಂದ ಒಂದು ಸಣ್ಣ ಪರೀಕ್ಷೆ ಮಾಡಿ. ನಾಲ್ಕೈದು ಹುಳು ಹಿಡಿದು ಸಿಮೆಂಟ್ ನೆಲದ ಮೇಲೆ ಬಿಡಿ. ಬೆನ್ನು ಕೆಳಗೆ ಮಾಡಿ, ಕಾಲು ಆಕಾಶಕ್ಕೆ ಎತ್ತಿಕೊಂಡು ಬೆನ್ನಿನ ಮೇಲೇ ಸರಸರ ಹರಿಯುವ ಹುಳುವಾದರೆ ಅದು ಗೊಬ್ಬರದಲ್ಲಿ ಬೆಳೆಯುವ ಹೂದುಂಬಿಯ ಮರಿ. ಕೊಳೆತ ಕಸ ತಿಂದು ಬದುಕುತ್ತದೆ, ಬೇರಿನ ತಂಟೆಗೆ ಬರುವುದು ಕಡಿಮೆ. ಅದಕ್ಕೆ ಔಷಧ ಹಾಕಿದರೆ ದುಡ್ಡು ದಂಡ. ಬೇರು ತಿನ್ನುವ ಗೊಣ್ಣೆ ಹುಳು ಪಕ್ಕಕ್ಕೆ ಮುದುಡಿ ಬಿದ್ದಿರುತ್ತದೆ, ಇಲ್ಲವೇ ಮೂರು ಜೊತೆ ಕಾಲಿನ ಮೇಲೆ ಕಷ್ಟಪಟ್ಟು ತೆವಳುತ್ತದೆ. ತಲೆ ಕಂದು, ಮೈ ಕೆನೆ ಬಣ್ಣ. ಹಿಂಬದಿಯ ಕೊನೆಯ ಭಾಗ ಮಾತ್ರ ಬೂದುಗಪ್ಪು, ತಿಂದ ಮಣ್ಣು ತೆಳು ಚರ್ಮದೊಳಗಿಂದ ಕಾಣುವುದೇ ಅದಕ್ಕೆ ಕಾರಣ. ತಿಪ್ಪೆಯಲ್ಲಿ ಹೆಬ್ಬೆರಳಿಗಿಂತ ದಪ್ಪನೆಯ ಹುಳು ಸಿಕ್ಕರೆ ಅದು ತೆಂಗಿನ ಕುರುವಾಯಿ ದುಂಬಿಯ ಮರಿ ಇರಬಹುದು. ಅದು ಲಾನ್ ಶತ್ರುವಲ್ಲ, ತೆಂಗಿನ ಶತ್ರು.

ಹಳದಿಗೆ ಬೇರೆ ಕಾರಣವೂ ಸೇರಿಕೊಂಡಿರಬಹುದು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಲ್ಲಿ, ಅದರಲ್ಲೂ ತುಂಗಭದ್ರಾ ಕಾಲುವೆಯ ಕೆಳಗಿನ ಎರೆ ಭೂಮಿಯಲ್ಲಿ, ಬೋರ್‌ವೆಲ್ ನೀರು ಸವಳಾಗಿರುವುದು ಮಾಮೂಲು. ಸವಳಿನಿಂದ ಒಣಗುವ ಹುಲ್ಲು ತುದಿಯಿಂದ ಸುಡುತ್ತ ಬರುತ್ತದೆ, ಮಣ್ಣಿನ ಮೇಲೆ ಬಿಳಿ ಪುಡಿ ಕೂರುತ್ತದೆ, ಜಗ್ಗಿದರೆ ಬೇರು ಗಟ್ಟಿಯಾಗಿಯೇ ಇರುತ್ತದೆ. ಗೆದ್ದಲಾದರೆ ಒಣ ಹುಲ್ಲಿನ ಮೇಲೆ ಮಣ್ಣಿನ ತೆಳು ಹೊದಿಕೆ ಕಟ್ಟಿರುತ್ತದೆ. ನಾಯಿ ಮೂತ್ರದ ಕಲೆ ದುಂಡಗೆ, ನಡುವೆ ಒಣ ಹುಲ್ಲಿನ ಬಣ್ಣ, ಅಂಚಿಗೆ ಕಡುಹಸಿರು ಉಂಗುರ. ಈ ಮೂರರಲ್ಲಿ ಯಾವುದರಲ್ಲೂ ಹುಲ್ಲು ಹಾಳೆಯಾಗಿ ಎದ್ದು ಬರುವುದಿಲ್ಲ. ಬೇರು ಕತ್ತರಿಸಿದ್ದರೆ ಮಾತ್ರ ಹಾಗಾಗುತ್ತದೆ.

ಇನ್ನು ಎಣಿಕೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹಳದಿ ತೇಪೆಯ ನಡುವೆ ಅಗೆಯಬೇಡಿ. ಅಲ್ಲಿ ಬೇರು ಮುಗಿಸಿ ಹುಳು ಆಗಲೇ ಸರಿದಿರುತ್ತದೆ. ಹಳದಿಯೂ ಹಸಿರೂ ಸೇರುವ ಅಂಚಿನಲ್ಲಿ ಒಂದಡಿ ಉದ್ದ, ಒಂದಡಿ ಅಗಲದ ಚೌಕ ಗುರುತು ಮಾಡಿ. ಮೂರು ಬದಿಗೆ ಗುದ್ದಲಿ ಅಥವಾ ಚೂಪು ಸಲಿಕೆಯಿಂದ ಮೂರು ಅಂಗುಲ ಆಳ ಕತ್ತರಿಸಿ, ನಾಲ್ಕನೆಯ ಬದಿಯನ್ನು ಹಾಗೇ ಬಿಟ್ಟು ಹುಲ್ಲನ್ನು ಮಡಚಿ. ಮಡಚಿದ ಹಾಳೆಯ ಬೇರಿನ ಮಣ್ಣನ್ನೂ ಕೆಳಗಿನ ಎರಡು ಅಂಗುಲ ಮಣ್ಣನ್ನೂ ಕೈಯಿಂದ ಉದುರಿಸಿ ಎಣಿಸಿ. ಎಣಿಸಿದ ಮೇಲೆ ಹಾಳೆಯನ್ನು ಮತ್ತೆ ಹಾಸಿ ತುಳಿದು ನೀರು ಕೊಟ್ಟರೆ ಹುಲ್ಲು ಉಳಿಯುತ್ತದೆ. 600 ಚದರಡಿಗೆ ಇಂಥ ಐದಾರು ಚೌಕ ಸಾಕು. ಒಂದೆರಡನ್ನು ಪೂರ್ತಿ ಹಸಿರಿರುವ ಜಾಗದಲ್ಲೂ ತೆಗೆಯಿರಿ.

ಸರಾಸರಿ ಚದರಡಿಗೆ ಮೂರಕ್ಕಿಂತ ಕಡಿಮೆಯಿದ್ದರೆ ಏನೂ ಮಾಡುವುದು ಬೇಡ, ಚೆನ್ನಾಗಿ ನೀರು ಸಿಗುವ ಕರಿಕೆ ಅದನ್ನು ತಡೆದುಕೊಳ್ಳುತ್ತದೆ. ಮೂರರಿಂದ ಐದು ಎಂದರೆ ಕಣ್ಣಿಡಬೇಕಾದ ಸಂಖ್ಯೆ. ಐದು ದಾಟಿದರೆ ಕೈಹಾಕಬೇಕು. ವಿದೇಶಿ ವಿಡಿಯೊಗಳಲ್ಲಿ ಹತ್ತು ಹುಳುವಿನ ತನಕ ಚಿಂತೆಯಿಲ್ಲ ಎನ್ನುವುದನ್ನು ನೀವು ಕೇಳಿರಬಹುದು. ಅಲ್ಲಿನವರು ಹೇಳುವುದು ಸಾಮಾನ್ಯವಾಗಿ ಜಪಾನಿ ದುಂಬಿಯ ಮರಿಯ ಲೆಕ್ಕ. ಬಲಿತರೂ ಅದು ಒಂದು ಅಂಗುಲದ ಆಸುಪಾಸು. ದಕ್ಷಿಣ ಭಾರತದ ಮುಖ್ಯ ಗೊಣ್ಣೆ ಹುಳುವಾದ ಹೋಲೋಟ್ರೈಕಿಯಾ ಸೆರ್ರೇಟಾ ಅದಕ್ಕಿಂತ ಬಹಳ ದೊಡ್ಡದು, ತಿನ್ನುವುದೂ ಅಷ್ಟೇ ಹೆಚ್ಚು.

ಮಳೆಯಿಂದ ಮಳೆಗೆ ಇದರ ಬದುಕು

ಶೇಂಗಾ, ಕಬ್ಬು ಬೆಳೆದವರಿಗೆ ಇದು ಹೊಸ ವಿಷಯವಲ್ಲ. ವರ್ಷಕ್ಕೆ ಒಂದೇ ಸಂತತಿ. ಈ ಹುಳು ಬೆಳೆದು ದುಂಬಿಯಾಗಿ, ಬೇಸಿಗೆಯುದ್ದಕ್ಕೂ ಮಣ್ಣಿನಾಳದಲ್ಲಿ ಅಲುಗಾಡದೆ ಕೂತಿರುತ್ತದೆ. ಕೃತ್ತಿಕೆಯಲ್ಲೋ ರೋಹಿಣಿಯಲ್ಲೋ ನೆಲ ಚೆನ್ನಾಗಿ ನೆನೆಯುವಂಥ ಮೊದಲ ಮಳೆ ಬಿದ್ದರೆ, ಅಂದಿನ ಅಥವಾ ಮರುದಿನದ ಸಂಜೆ ಕತ್ತಲಾಗುತ್ತಿದ್ದಂತೆ ಮೇಲೆದ್ದು ಬೇವು, ಜಾಲಿ, ಬೋರೆ ಮರಗಳಿಗೆ ಹಾರುತ್ತದೆ. ಅಲ್ಲೇ ಕೂಡುತ್ತದೆ, ಎಲೆ ತಿನ್ನುತ್ತದೆ, ಬೆಳಗಾಗುವ ಮೊದಲು ಮಣ್ಣಿಗೆ ಇಳಿಯುತ್ತದೆ. ಹೆಣ್ಣು ದುಂಬಿ ಮೊಟ್ಟೆಯಿಡಲು ತೇವವಿರುವ ಸಡಿಲ ಮಣ್ಣು ಹುಡುಕುತ್ತದೆ. ಗಟ್ಟಿ ಎರೆಗಿಂತ ಮಸಾರಿ ಅದಕ್ಕೆ ಇಷ್ಟ. ಈಗ ನಿಮ್ಮ ಅಂಗಳ ನೆನಪಿಸಿಕೊಳ್ಳಿ: ಸುತ್ತ ಬಿರುಕು ಬಿಟ್ಟ ಎರೆ, ನಡುವೆ ದಿನವೂ ನೀರು ಕುಡಿಯುವ, ಗೊಬ್ಬರ ಬೆರೆತ ಆರಂಗುಲ ಮಸಾರಿ. ಇಡೀ ಓಣಿಯ ದುಂಬಿಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಕ್ಕಿಲ್ಲ.

ಮೊಟ್ಟೆ ಮಣ್ಣಿನ ತೇವ ಹೀರಿ ಉಬ್ಬಿದರೆ ಮಾತ್ರ ಮರಿಯಾಗುತ್ತದೆ. ಹತ್ತು ದಿನ ಆಚೀಚೆ ಒಡೆಯುತ್ತದೆ. ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ 5ರಿಂದ 10 ಮಿ.ಮೀ. ಉದ್ದದ ಎಳೆ ಮರಿಗಳು ಮೇಲಿನ ಎರಡಂಗುಲ ಮಣ್ಣಿನಲ್ಲಿರುತ್ತವೆ. ಆಗ ಅವು ತಿನ್ನುವುದು ಕೊಳೆತ ಕಸ ಮತ್ತು ಕೂದಲಿನಂಥ ಬೇರು, ಹುಲ್ಲು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆಶ್ಲೇಷ, ಮಘ, ಹುಬ್ಬ, ಉತ್ತರೆ ಮಳೆಯ ಅವಧಿಯಲ್ಲಿ ಮೂರನೆಯ ಹಂತಕ್ಕೆ ಬಂದ ಹುಳು ಹೊಟ್ಟೆಬಾಕ. ನಷ್ಟದ ಬಹುಪಾಲು ಈ ಹಂತದ್ದೇ. ಹಸ್ತ, ಚಿತ್ತೆ ಕಳೆದು ತಂಪಾಗುತ್ತಿದ್ದಂತೆ ತಿನ್ನುವುದನ್ನು ನಿಲ್ಲಿಸಿ ಆಳಕ್ಕಿಳಿದು ಕೋಶವಾಗುತ್ತದೆ. ದೀಪಾವಳಿ ಹೊತ್ತಿಗೆ ಲಾನ್ ತಾನಾಗಿಯೇ ಚೇತರಿಸಿಕೊಂಡಂತೆ ಕಾಣುವುದು, ಅಕ್ಟೋಬರ್ ಕೊನೆಗೆ ಔಷಧ ಹಾಕಿದವರು ‘ಕೆಲಸ ಮಾಡಿತು’ ಎಂದು ನಂಬುವುದು, ಎರಡಕ್ಕೂ ಕಾರಣ ಇದೇ.

ಈ ಸೆಪ್ಟೆಂಬರ್‌ನಲ್ಲಿ

600 ಚದರಡಿಯಲ್ಲಿ ಹಾಳಾದದ್ದು ಬಹುಶಃ 60ರಿಂದ 100 ಚದರಡಿ. ಇಷ್ಟು ಜಾಗಕ್ಕೆ ಬಲಿತ ಹುಳುವಿಗೆ ಕೈಗಿಂತ ಒಳ್ಳೆಯ ಮದ್ದಿಲ್ಲ. ಇದನ್ನು ಹೇಳಿದರೆ ಅನೇಕರಿಗೆ ನಿರಾಸೆಯಾಗುತ್ತದೆ, ಬಾಟಲಿಯ ಹೆಸರು ಬೇಕಿರುತ್ತದೆ. ಆದರೆ ಚದರಡಿಗೆ ಎಂಟರಂತೆ 100 ಚದರಡಿಯಲ್ಲಿ 800 ಹುಳು. ಇಬ್ಬರು ಕೂತರೆ ಒಂದು ಬೆಳಿಗ್ಗೆಯ ಕೆಲಸ.

ಹಿಂದಿನ ಸಂಜೆ ಚೆನ್ನಾಗಿ ನೀರು ಬಿಡಿ. ಮಣ್ಣು ಒಣಗಿದ್ದರೆ ಹುಳು ಕೆಳಗಿಳಿಯುತ್ತದೆ, ತೇವವಿದ್ದರೆ ಬೇರಿನ ಮಟ್ಟಕ್ಕೆ ಬಂದಿರುತ್ತದೆ. ಬೆಳಿಗ್ಗೆ ಸಡಿಲವಾದ ಹುಲ್ಲಿನ ಹಾಳೆಯನ್ನು ಸುತ್ತಿ ಪಕ್ಕಕ್ಕಿಡಿ, ಬಿಸಿಲಿಗೆ ಒಣಗದಂತೆ ಹಸಿ ಗೋಣಿಚೀಲ ಮುಚ್ಚಿ. ಬರಿದಾದ ಮಣ್ಣನ್ನು ಕೈಮುಳ್ಳಿನಿಂದ ನಾಲ್ಕಂಗುಲ ಆಳಕ್ಕೆ ತಿರುವಿ ಹುಳು ಆರಿಸಿ, ಸೋಪಿನ ನೀರಿನ ಬಕೆಟ್ಟಿಗೆ ಹಾಕಿ. ಹಳದಿ ಗೆರೆಯಿಂದ ಒಂದಡಿ ಆಚೆಗಿನ ಹಸಿರು ಭಾಗವನ್ನೂ ಬಿಡಬೇಡಿ, ಮುಂದಿನ ವಾರದ ಹಳದಿ ಅಲ್ಲೇ ತಯಾರಾಗುತ್ತಿರುತ್ತದೆ. ತಿರುವಿದ ಮಣ್ಣನ್ನು ಅರ್ಧ ಗಂಟೆ ಹಾಗೇ ಬಿಟ್ಟು ಒಳಗೆ ಹೋಗಿ. ಉಳಿದದ್ದನ್ನು ಗೊರವಂಕಗಳು ನೋಡಿಕೊಳ್ಳುತ್ತವೆ. ಬೆಳ್ಳಕ್ಕಿ, ಕಾಗೆ ಓಡಿಸುವುದನ್ನು ನಿಲ್ಲಿಸಿ. ಹಂದಿ ಮಾತ್ರ ಬೇರೆ ಮಾತು. ಗೇಟು ತೆರೆದಿಟ್ಟರೆ ರಾತ್ರಿ ಬಂದು ಹುಳುವಿನ ಜೊತೆ ಲಾನನ್ನೂ ಮುಗಿಸಿ ಹೋಗುತ್ತದೆ.

ಆರಿಸಿ ಮುಗಿದ ಮೇಲೆ ಉಳಿದ ಹುಳುವಿಗೆ ಜೀವಿಗಳನ್ನೇ ಬಿಡುವುದು ಉತ್ತಮ. ಎರಡು ಆಯ್ಕೆಗಳಿವೆ.

ಒಂದು, ಕೀಟ ಕೊಲ್ಲುವ ಜಂತು. ಹೆಟೆರೊರಾಬ್ಡಿಟಿಸ್ ಇಂಡಿಕಾ ಎಂಬ ಈ ಕಣ್ಣಿಗೆ ಕಾಣದ ದುಂಡುಜಂತುವಿನ ಪುಡಿಯನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಗೊಣ್ಣೆ ಹುಳುವಿಗೆಂದೇ ಅಭಿವೃದ್ಧಿಪಡಿಸಿದೆ. ಜಂತು ಹುಳುವಿನ ಬಾಯಿ, ಗುದ, ಉಸಿರು ರಂಧ್ರಗಳ ಮೂಲಕ ಒಳಹೊಕ್ಕು ತನ್ನೊಳಗಿನ ಬ್ಯಾಕ್ಟೀರಿಯಾ ಬಿಡುತ್ತದೆ, ಎರಡು ಮೂರು ದಿನದಲ್ಲಿ ಹುಳು ಸಾಯುತ್ತದೆ. ಸತ್ತ ಹುಳು ಇಟ್ಟಿಗೆಯ ಕೆಂಪು ಬಣ್ಣಕ್ಕೆ ತಿರುಗುತ್ತದೆ. ವಾರದ ನಂತರ ಅಗೆದಾಗ ಈ ಬಣ್ಣ ಕಂಡರೆ ಜಂತು ಹಿಡಿದಿದೆ ಎಂದರ್ಥ. ಮಗು, ನಾಯಿ, ಎರೆಹುಳುಗಳಿಗೆ ಇದರಿಂದ ತೊಂದರೆಯಿಲ್ಲ.

ಪ್ರಮಾಣ ಚದರ ಮೀಟರಿಗೆ ಎರಡೂವರೆ ಲಕ್ಷ ಜಂತು, ಅಂದರೆ ನಿಮ್ಮ 56 ಚದರ ಮೀಟರಿಗೆ ಸುಮಾರು 1 ಕೋಟಿ 40 ಲಕ್ಷ. ಪೊಟ್ಟಣದ ಮೇಲೆ ಗ್ರಾಮಿಗೆ ಎಷ್ಟು ಎಂದು ನೋಡಿ ತೂಕ ಲೆಕ್ಕ ಹಾಕಿಕೊಳ್ಳಿ. ಹೆಚ್ಚಿನವರು ಸೋಲುವುದು ಪ್ರಮಾಣದಲ್ಲಲ್ಲ, ಹಾಕುವ ರೀತಿಯಲ್ಲಿ. ಬಿಸಿಲು ತಾಗಿದರೆ ಜಂತು ನಿಮಿಷಗಳಲ್ಲಿ ಸಾಯುತ್ತದೆ, ಮಣ್ಣು ಒಣಗಿದರೆ ಚಲಿಸಲಾರದು, ಮಣ್ಣಿನ ಬಿಸಿ 35 ಡಿಗ್ರಿ ದಾಟಿದರೆ ಬದುಕುವುದು ಕಷ್ಟ. ಆದ್ದರಿಂದ ಹೊತ್ತು ಮುಳುಗಿದ ಮೇಲೆ, ಮೊದಲೇ ನೆನೆಸಿದ ಲಾನ್ ಮೇಲೆ ಹಾಕಬೇಕು. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ ರೋಸ್‌ಕ್ಯಾನ್‌ನಿಂದ ಸುರಿಯುವುದು ಸುಲಭ. ಬೆನ್ನಿನ ಪಂಪ್ ಬಳಸುವುದಾದರೆ ಒಳಗಿನ ಸಣ್ಣ ಜಾಲರಿ ತೆಗೆದುಹಾಕಿ, ಹಿಂದೆ ಕಳೆನಾಶಕ ಹೊಡೆದ ಪಂಪ್ ಬೇಡ. ಜಂತು ತಳಕ್ಕೆ ಕೂರುತ್ತದೆ, ಆಗಾಗ ಕಲಕುತ್ತಿರಿ. ಹಾಕಿದ ತಕ್ಷಣ ಮತ್ತೆ ತೆಳುವಾಗಿ ನೀರು ಕೊಟ್ಟು ಹುಲ್ಲಿನ ಎಲೆಗೆ ಅಂಟಿದ್ದನ್ನು ಮಣ್ಣಿಗಿಳಿಸಿ. ಮುಂದಿನ ಎರಡು ವಾರ ಮೇಲ್ಮಣ್ಣು ಒಣಗದಿರಲಿ. ಬಲಿತ ಹುಳುವಿಗೆ ಒಂದು ಸಲ ಸಾಲದು, 15ರಿಂದ 20 ದಿನ ಬಿಟ್ಟು ಇನ್ನೊಮ್ಮೆ ಹಾಕಿ.

ಎರಡನೆಯದು ಮೆಟಾರೈಜಿಯಂ ಶಿಲೀಂಧ್ರ. ಇದು ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಅಗ್ಗವೂ ಹೌದು. ಆದರೆ ನಿಧಾನ, ಫಲ ಕಾಣಲು ವಾರಗಳೇ ಬೇಕು. 1,000 ಚದರಡಿಗೆ 100 ಗ್ರಾಂ ಲೆಕ್ಕದಲ್ಲಿ ನಿಮಗೆ 60 ಗ್ರಾಂ ಸಾಕು. ಅದನ್ನು ಪೂರ್ತಿ ಕಳಿತ, ಜರಡಿ ಹಿಡಿದ ಆರೇಳು ಕೆಜಿ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ಗೋಣಿ ಮುಚ್ಚಿ ಒಂದು ವಾರ ಇಟ್ಟು ಸಂಜೆ ಲಾನ್ ಮೇಲೆ ಎರಚಿ. ಕಾರ್ಬೆಂಡಜಿಮ್, ತಾಮ್ರದ ಔಷಧಗಳ ಜೊತೆ ಇದನ್ನು ಹಾಕಬಾರದು, ಅವು ಕೊಲ್ಲುವುದೇ ಶಿಲೀಂಧ್ರವನ್ನು. ಕೊಳ್ಳುವಾಗ ತಯಾರಿಕೆ ದಿನಾಂಕ ನೋಡಿ. ನಮ್ಮೂರ ಬೇಸಿಗೆಯಲ್ಲಿ ತಗಡಿನ ಗೋದಾಮಿನೊಳಗೆ ಮೂರು ತಿಂಗಳು ಬೆಂದ ಪೊಟ್ಟಣದಲ್ಲಿ ಬಣ್ಣ ಉಳಿದಿರುತ್ತದೆ, ಜೀವ ಉಳಿದಿರುವುದು ಅನುಮಾನ. ಶಿಲೀಂಧ್ರ ತಗಲಿ ಸತ್ತ ಹುಳು ಗಟ್ಟಿಯಾಗಿ, ಮೊದಲು ಬಿಳಿ ಬೂಸಲು, ಆಮೇಲೆ ಹಸಿರು ಬೂಸಲು ಕಟ್ಟಿರುತ್ತದೆ. ಅಂಥದ್ದು ಸಿಕ್ಕರೆ ಎಸೆಯಬೇಡಿ, ಅಲ್ಲೇ ಪುಡಿ ಮಾಡಿ ಮಣ್ಣಿಗೆ ಸೇರಿಸಿ.

ಬೇವಿನ ಹಿಂಡಿ ಹಾಕಿದರೆ ಸಾಕೇ ಎಂದು ಮುಂದೆ ಕೇಳುವಿರಿ. 600 ಚದರಡಿಗೆ ಐದಾರು ಕೆಜಿ ಹಾಕಿದರೆ ಗೊಬ್ಬರವಾಗುತ್ತದೆ, ಮೊಟ್ಟೆಯಿಡುವ ದುಂಬಿಗೆ ತುಸು ಇರಿಸುಮುರಿಸೂ ಆಗಬಹುದು. ಬಲಿತ ಹುಳು ಅದರಿಂದ ಸಾಯುವುದಿಲ್ಲ.

ರಾಸಾಯನಿಕ ಬೇಕೇ ಬೇಕೆಂದರೆ

ಈ ವರ್ಷ ಬೇಡ. ಮುಂದಿನ ವರ್ಷವೂ ಎಳೆ ಮರಿಗಳ ಎಣಿಕೆ ಮಿತಿ ದಾಟಿದರೆ ಮಾತ್ರ ಯೋಚಿಸಿ. ಅಂತರ್ಜಾಲದಲ್ಲಿ ಬಲಿತ ಹುಳುವಿಗೆ ಅಮೆರಿಕನ್ನರು ಹೇಳುವ ತಕ್ಷಣದ ಮದ್ದು ಟ್ರೈಕ್ಲೋರ್‌ಫಾನ್. ಫೋರೇಟ್ ಜೊತೆಗೇ ಅದೂ ನಮ್ಮಲ್ಲಿ ನಿಷೇಧವಾಗಿದೆ. ಅವರೇ ಹೇಳುವ ‘ಮಿಲ್ಕಿ ಸ್ಪೋರ್’ ಪುಡಿ ಜಪಾನಿ ದುಂಬಿಗೆ ಮಾತ್ರ ಮೀಸಲಾದ ರೋಗ, ನಮ್ಮ ಹುಳುವಿಗೆ ತಗಲುವುದಿಲ್ಲ. ಸ್ಥಳೀಯವಾಗಿ ಹೆಚ್ಚು ಮಾರಾಟವಾಗುವ ಕ್ಲೋರ್‌ಪೈರಿಫಾಸ್ ಲಾನ್‌ಗೆ ಕಳಪೆ ಆಯ್ಕೆ. ಅದು ಹುಲ್ಲಿನ ಬುಡದ ಒಣ ನಾರಿನ ಪದರಕ್ಕೆ ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಹುಳು ಕೆಳಗೆ ಕ್ಷೇಮವಾಗಿರುತ್ತದೆ, ವಿಷ ಮೇಲೆ ಮಗುವಿನ ಕಾಲಿಗೆ ಸಿಗುತ್ತದೆ.

ಉಳಿಯುವುದು ಎರಡು. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್, ಮತ್ತು ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಸ್‌ಸಿ. ಎರಡೂ ಎಳೆ ಮರಿಗೆ ಮಾತ್ರ. ವಿದೇಶದ ಲಾನ್ ಪ್ರಮಾಣವನ್ನು ಇಲ್ಲಿನ ದ್ರಾವಣಕ್ಕೆ ಹೊಂದಿಸಿದರೆ ಮೊದಲನೆಯದು 1,000 ಚದರಡಿಗೆ ಸುಮಾರು 20 ಮಿ.ಲೀ., ಅಂದರೆ ನಿಮಗೆ 12. ಎರಡನೆಯದು 1,000 ಚದರಡಿಗೆ ಸುಮಾರು 5 ಮಿ.ಲೀ., ನಿಮಗೆ 3. ನಮ್ಮ ಲೇಬಲ್‌ಗಳಲ್ಲಿ ಬೆಳೆಗಳ ಹೆಸರಿರುತ್ತದೆ, ಮನೆಯ ಲಾನ್ ಎಂದು ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಬಾಟಲಿ ತೆರೆಯುವ ಮೊದಲು ಒಂದೆರಡು ಹುಳು ಡಬ್ಬಿಯಲ್ಲಿ ಹಾಕಿಕೊಂಡು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿ. ಕೊಪ್ಪಳದವರಿಗೆ ಗಂಗಾವತಿ, ಬಳ್ಳಾರಿಯವರಿಗೆ ಹಗರಿ ಹತ್ತಿರ. ಇಮಿಡಾಕ್ಲೋಪ್ರಿಡ್ ಜೇನ್ನೊಣಕ್ಕೆ ಮಾರಕ. ಲಾನಿನಲ್ಲಿ ಹೂಬಿಟ್ಟ ಕಳೆಯಿದ್ದರೆ ಹುಲ್ಲು ಕತ್ತರಿಸಿ ಹೂವೆಲ್ಲ ತೆಗೆದ ಮೇಲೆಯೇ ಹಾಕಬೇಕು. ಕ್ಲೋರಾಂಟ್ರಾನಿಲಿಪ್ರೋಲ್ ಜೇನಿಗೆ ಬಹಳ ಸೌಮ್ಯ, ಆದರೆ ನೀರಿನಲ್ಲಿ ಕರಗುವುದು ಕಡಿಮೆ, ಮಣ್ಣಿಗಿಳಿಯಲು ಸಮಯ ಬೇಕು. ಆದ್ದರಿಂದ ಮೊಟ್ಟೆ ಒಡೆಯುವ ಮೊದಲೇ, ದುಂಬಿ ಕಂಡ ಎರಡು ವಾರದೊಳಗೆ ಹಾಕಬೇಕಾಗುತ್ತದೆ. ಆ ವರ್ಷದ ಮರಿಗಳ ಎಣಿಕೆಗೆ ಕಾದರೆ ತಡವಾಗುತ್ತದೆ, ಹಿಂದಿನ ವರ್ಷದ ಎಣಿಕೆ ನೋಡಿಯೇ ನಿರ್ಧರಿಸಬೇಕು. ಮಗು ಇರುವ ಮನೆಗೆ ಎರಡರಲ್ಲಿ ಒಂದು ಆರಿಸುವುದಾದರೆ ಇದೇ ಮೇಲು.

ಔಷಧ ಹಾಕಿದ ನಂತರದ ನೀರಿನಲ್ಲೇ ಅರ್ಧ ಗೆಲುವಿದೆ. ಅರ್ಧ ಅಂಗುಲ ನೀರು ಬೇಕು. 600 ಚದರಡಿಗೆ ಅದು ಸುಮಾರು 700 ಲೀಟರ್, ಅಂದರೆ ಸಾವಿರ ಲೀಟರಿನ ಸಿಂಟೆಕ್ಸ್‌ನಲ್ಲಿ ಮುಕ್ಕಾಲು ಭಾಗದ ಹತ್ತಿರ. ಪೈಪ್ ಹಿಡಿದು ಹತ್ತು ನಿಮಿಷ ಚಿಮುಕಿಸಿದರೆ ಅಷ್ಟಾಗುವುದಿಲ್ಲ. ಹಾಗೆಂದು ಒಂದೇ ಸಲ ಸುರಿದರೆ ಮಸಾರಿ ದಾಟಿ ಕೆಳಗಿನ ಎರೆಯ ಬಿರುಕಿಗೆ ಓಡುತ್ತದೆ. ಮೂರು ಕಂತು ಮಾಡಿ, ನಡುವೆ 20 ನಿಮಿಷ ಬಿಡಿ. ಹುಲ್ಲು ಪೂರ್ತಿ ಒಣಗುವ ತನಕ ಮಗು, ನಾಯಿ ಎರಡನ್ನೂ ಆ ಕಡೆ ಬಿಡಬೇಡಿ. ಮೋಡ ದಟ್ಟವಾಗಿರುವ ದಿನ ಕೈಹಾಕಬೇಡಿ, ಜೋರು ಮಳೆ ಬಿದ್ದರೆ ಔಷಧ ಚರಂಡಿ ಸೇರುತ್ತದೆ.

ಹುಲ್ಲಿನ ದುರಸ್ತಿ

ಕರಿಕೆ ಆದದ್ದು ನಿಮ್ಮ ಅದೃಷ್ಟ. ನೆಲದೊಳಗಿನ ಗೆಣ್ಣು ಒಂದಿಷ್ಟು ಉಳಿದಿದ್ದರೂ ಮತ್ತೆ ಚಿಗುರುತ್ತದೆ. ಮೆಕ್ಸಿಕನ್, ಕೊರಿಯನ್ ಹುಲ್ಲಾಗಿದ್ದರೆ ಅದೇ ತೇಪೆ ತುಂಬಲು ತಿಂಗಳುಗಟ್ಟಲೆ ಕಾಯಬೇಕಿತ್ತು. ಹುಳು ಆರಿಸಿದ ಜಾಗಕ್ಕೆ ಎರಡು ಪಾಲು ಮಸಾರಿ, ಒಂದು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಕಳಿತ ಗೊಬ್ಬರ ಬೆರೆಸಿ ಅರ್ಧ ಅಂಗುಲ ಹರಡಿ. ಸುತ್ತಿಟ್ಟ ಹಾಳೆಯಲ್ಲಿ ಹಸಿರು ಉಳಿದಿರುವುದನ್ನು ಮತ್ತೆ ಹಾಸಿ, ಹಲಗೆ ಇಟ್ಟು ತುಳಿದು ಮಣ್ಣಿಗೆ ಕೂರಿಸಿ. ಬೇರು ಮತ್ತು ಮಣ್ಣಿನ ನಡುವೆ ಗಾಳಿ ಉಳಿದರೆ ಎರಡೇ ದಿನದಲ್ಲಿ ಒಣಗುತ್ತದೆ. ಬರಿದಾದ ಕಡೆ ಅಂಚಿನ ಬಳ್ಳಿಗಳನ್ನು ನಾಲ್ಕಂಗುಲ ಅಂತರದಲ್ಲಿ ಊರಿ. ಹತ್ತು ದಿನ ಬೆಳಿಗ್ಗೆ ಸಂಜೆ ತೆಳುವಾಗಿ ನೀರು ಕೊಡಿ. ಬೇರು ಕಳೆದುಕೊಂಡ ಹುಲ್ಲಿಗೆ ಒಮ್ಮೆಗೇ ಹೆಚ್ಚು ನೀರು ಬಿಟ್ಟರೆ ಕುಡಿಯಲಾರದು, ನಿಮ್ಮ ಲಾನ್ ಹಸಿರಾಗದೇ ಇದ್ದದ್ದು ಅದಕ್ಕೇ. ಹೊಸ ಚಿಗುರು ಕಂಡ ಮೇಲೆ ಇಡೀ ಲಾನ್‌ಗೆ ಅರ್ಧ ಕೆಜಿ ಯೂರಿಯಾ ಎರಚಿ ಕೂಡಲೇ ನೀರು ಬಿಡಿ. ಅದಕ್ಕಿಂತ ಮೊದಲು ಹಾಕಿದರೆ ಬೇರಿಲ್ಲದ ಹುಲ್ಲು ಸುಡುತ್ತದೆ.

ಮುಂದಿನ ವರ್ಷ, ಮೊದಲ ಮಳೆಯಿಂದ

ಮೇ ತಿಂಗಳಲ್ಲಿ ನೆಲ ನಾಲ್ಕಂಗುಲ ನೆನೆಯುವಂಥ ಮಳೆ ಬಿದ್ದ ದಿನವನ್ನು ಬರೆದಿಟ್ಟುಕೊಳ್ಳಿ. ಅಂದಿನಿಂದ ಒಂದು ವಾರ ಸಂಜೆ ಏಳೂವರೆಯಿಂದ ಎಂಟೂವರೆ ತನಕ ಮನೆ ಹತ್ತಿರದ ಬೇವಿನ ಮರ, ನುಗ್ಗೆ, ಬೋರೆ ಗಿಡ ನೋಡಿ. ಟಾರ್ಚ್ ಹಿಡಿದರೆ ಕೆಂಗಂದು ಬಣ್ಣದ ದುಂಬಿಗಳು ಎಲೆಯ ಅಂಚು ಕತ್ತರಿಸುತ್ತಿರುವುದು ಕಾಣುತ್ತದೆ. ಕೆಳಗೆ ಹಳೆ ಸೀರೆಯೋ ತಾಡಪಾಲೋ ಹಾಸಿ ಕೊಂಬೆ ಜೋರಾಗಿ ಅಲುಗಾಡಿಸಿದರೆ ಉದುರುತ್ತವೆ. ಸೋಪಿನ ನೀರಿಗೆ ಹಾಕಿ. ಒಂದು ಹೆಣ್ಣು ದುಂಬಿ ಸತ್ತರೆ ಹತ್ತಾರು ಗೊಣ್ಣೆ ಹುಳು ಹುಟ್ಟುವುದೇ ಇಲ್ಲ. ಒಬ್ಬರೇ ಮಾಡುವುದಕ್ಕಿಂತ ಓಣಿಯ ನಾಲ್ಕು ಮನೆಯವರು ಸೇರಿದರೆ ಇದರಷ್ಟು ಅಗ್ಗದ, ಖಚಿತ ಉಪಾಯ ಇನ್ನೊಂದಿಲ್ಲ. ಬೇವಿನ ಮರಕ್ಕೆ ಔಷಧ ಹೊಡೆಸುವವರೂ ಇದ್ದಾರೆ. ಊರೊಳಗೆ ಅದು ಬೇಡ, ಜೇನಿಗೆ ಕಂಟಕ. ಆ ವಾರ ಲಾನ್ ಕಡೆಯ ದೀಪಗಳನ್ನು ಸಂಜೆ ಒಂದೂವರೆ ತಾಸು ಆರಿಸಿಡಿ.

ದುಂಬಿ ಹಾರಾಡುವ ಎರಡು ಮೂರು ವಾರ ಲಾನ್‌ಗೆ ನೀರು ಕಡಿಮೆ ಮಾಡಿ. ಕರಿಕೆ ಸ್ವಲ್ಪ ಬಾಡಿದರೂ ಸಾಯುವುದಿಲ್ಲ, ಮೇಲ್ಮಣ್ಣು ಒಣಗಿದ್ದರೆ ದುಂಬಿ ಬೇರೆ ಜಾಗ ಹುಡುಕುತ್ತದೆ, ಇಟ್ಟ ಮೊಟ್ಟೆಯೂ ಒಣಗುತ್ತದೆ. ಮೇಲಿಂದ ಮೇಲೆ ಮಳೆಯಾಗುವ ವರ್ಷ ಇದು ಫಲಿಸುವುದಿಲ್ಲ, ನಿಜ. ಹಸಿ ತಿಪ್ಪೆ ಗೊಬ್ಬರವನ್ನು ಏಪ್ರಿಲ್‌ನಿಂದ ಜುಲೈ ತನಕ ಲಾನ್ ಮೇಲೆ ಹರಡಲೇಬೇಡಿ. ಬೇಸಿಗೆ ಕೊನೆಗೆ ಗೊಬ್ಬರ ಹಾಕುವ ನಮ್ಮ ಕಡೆಯ ರೂಢಿ ಹೊಲಕ್ಕೆ ಸರಿ, ಲಾನ್‌ಗೆ ದುಂಬಿಯನ್ನು ಕರೆದಂತೆ. ಗೊಬ್ಬರ ಕೊಡುವುದಿದ್ದರೆ ಪೂರ್ತಿ ಕಳಿತದ್ದನ್ನು ನವೆಂಬರ್‌ನಲ್ಲಿ ಜರಡಿ ಹಿಡಿದು ಕೊಡಿ. ಜೂನ್‌ನಿಂದ ಅಕ್ಟೋಬರ್ ತನಕ ಹುಲ್ಲನ್ನು ಒಂದಂಗುಲಕ್ಕೆ ಬೋಳಿಸದೆ ಎರಡಂಗುಲ ಬಿಡಿ. ಮೇಲೆ ಉದ್ದವಿದ್ದಷ್ಟು ಬೇರೂ ಆಳಕ್ಕೆ ಹೋಗುತ್ತದೆ, ನಾಲ್ಕು ಹುಳು ತಿಂದರೂ ಉಳಿಯುತ್ತದೆ.

ಬರೆದಿಟ್ಟ ಆ ಮಳೆಯಿಂದ ಐದನೇ ವಾರಕ್ಕೆ ಮತ್ತೆ ಚೌಕ ಕತ್ತರಿಸಿ ಎಣಿಸಿ. ಈ ಸಲ ಮಣ್ಣನ್ನು ಬಿಳಿ ಹಾಳೆಯ ಮೇಲೆ ಉದುರಿಸಬೇಕು, ಮರಿ ಸಣ್ಣದಿರುವುದರಿಂದ ಬರಿಗಣ್ಣಿಗೆ ಮಣ್ಣಿನಲ್ಲಿ ತಪ್ಪಿಹೋಗುತ್ತದೆ. ಐದು ದಾಟಿದ್ದರೆ ಐದರಿಂದ ಎಂಟನೇ ವಾರದೊಳಗೆ ಜಂತು ಹಾಕುವುದು ಮೊದಲ ಆಯ್ಕೆ, ಇಮಿಡಾಕ್ಲೋಪ್ರಿಡ್ ಕೊನೆಯದು. ಮೂರಕ್ಕಿಂತ ಕಡಿಮೆಯಿದ್ದರೆ ಮೂರು ವಾರ ಬಿಟ್ಟು ಇನ್ನೊಮ್ಮೆ ಎಣಿಸಿದರೆ ಸಾಕು. ಮಳೆ ಒಂದೇ ಸಲ ಬಾರದೆ ತಡೆದು ತಡೆದು ಬಂದ ವರ್ಷ ದುಂಬಿಯೂ ಎರಡು ಮೂರು ಕಂತಿನಲ್ಲಿ ಏಳುವುದರಿಂದ, ಆ ಎರಡನೇ ಎಣಿಕೆಯನ್ನು ಬಿಡುವಂತಿಲ್ಲ.